ದೊಡ್ಡ ಪ್ರಿಂಟರು: ರಿಪೇರಿಯೋ, ಹೊಸದೋ?

ಶ್ರೋತೃಗಳೇ, ನಿಮ್ಮ ನಡುಮನೆಯ ಗೋಡೆಯನ್ನು ಒಮ್ಮೆ ನೋಡಿ. ಅಲ್ಲಿ ಅಜ್ಜನದೋ ಅಜ್ಜಿಯದೋ ಒಂದು ದೊಡ್ಡ ಪಟ ತೂಗುತ್ತಿರಬಹುದು. ಆ ಪಟ ಮೊದಲಿಗೆ ಅಂಗೈಯಗಲದ ಫೋಟೋ ಆಗಿದ್ದಿರಬೇಕು. ಯಾರೋ ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿಕೊಟ್ಟಿದ್ದಾರೆ. ಹಿಂದೆ ಈ ಕೆಲಸ ಕತ್ತಲೆ ಕೋಣೆಯೊಳಗೆ, ಕೆಂಪು ದೀಪದ ಬೆಳಕಿನಲ್ಲಿ, ಬ್ರೋಮೈಡ್ ಕಾಗದದ ಮೇಲೆ ನಡೆಯುತ್ತಿತ್ತು. ಬೆಂಗಳೂರಿನ ಜಿ. ಕೆ. ವೇಲ್ ಅಂಗಡಿ 1910ರಲ್ಲಿ ಆರಂಭವಾದದ್ದು. ಅಂಥ ಸ್ಟುಡಿಯೋಗಳಲ್ಲಿ ಕೈ ಪಳಗಿದವರು ನಮ್ಮ ತಾತಂದಿರ ಮುಖಗಳನ್ನು ಹಾಗೆಯೇ ದೊಡ್ಡದು ಮಾಡಿದರು. ಈಗ ಆ ಕತ್ತಲೆ ಕೋಣೆಯ ಜಾಗದಲ್ಲಿ ಒಂದು ಯಂತ್ರ ನಿಂತಿದೆ. ಒಬ್ಬ ಮನುಷ್ಯ ಕೈಚಾಚಿ ಮಲಗಿದಷ್ಟು ಉದ್ದ, ಸೊಂಟದೆತ್ತರ. ಅದರ ಬೆನ್ನಿಗೆ ಕಾಗದದ ಸುರುಳಿ, ಹೊಟ್ಟೆಯಲ್ಲಿ ಎಂಟೋ ಹತ್ತೋ ಬಣ್ಣದ ಇಂಕು. ಅದನ್ನೇ ದೊಡ್ಡ ಪ್ರಿಂಟರು ಎಂದು ನಾವು ಕರೆಯುವುದು.

ಈ ಯಂತ್ರ ಕೆಟ್ಟಾಗ ರಿಪೇರಿ ಮಾಡಿಸಬೇಕೆ, ಹೊಸದನ್ನು ಕೊಳ್ಳಬೇಕೆ? ಇದು ಇಂದಿನ ನನ್ನ ಮಾತಿನ ವಿಷಯ. "ನಮ್ಮ ಮನೆಯಲ್ಲಿ ಅಂಥ ಯಂತ್ರವೇ ಇಲ್ಲವಲ್ಲ" ಎಂದು ಎದ್ದುಹೋಗಬೇಡಿ. ಮಕ್ಕಳ ಶಾಲೆಯ ಕೆಲಸಕ್ಕೆಂದು ತಂದಿಟ್ಟ ಚಿಕ್ಕ ಪ್ರಿಂಟರು ನಿಮ್ಮಲ್ಲಿ ಇದ್ದೀತು. ಅದೂ ಇಲ್ಲದಿದ್ದರೆ ಹೊಲಿಗೆ ಯಂತ್ರವೋ ನೀರೆತ್ತುವ ಮೋಟಾರೋ ಇದ್ದೇ ಇದೆ. ಕೆಟ್ಟ ಯಂತ್ರದ ಮುಂದೆ ನಿಂತು ತಲೆ ಕೆರೆದುಕೊಳ್ಳುವ ಘಳಿಗೆ ಎಲ್ಲ ಮನೆಗೂ ಬರುತ್ತದೆ.

ನನ್ನದು ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯಲ್ಲಿ ಒಂದು ಸಣ್ಣ ಮುದ್ರಣದ ಮಳಿಗೆ. ಪಿಲ್ಲಗುಂಪೆ ಎಂದರೆ ಈಗ ಕೈಗಾರಿಕಾ ಪ್ರದೇಶ. ಕಾರ್ಖಾನೆಗಳು, ಗೋದಾಮುಗಳು, ಹಗಲೂ ರಾತ್ರಿ ಓಡಾಡುವ ಲಾರಿಗಳು, ಆ ಲಾರಿಗಳು ಎಬ್ಬಿಸುವ ಧೂಳು. ಕಾರ್ಖಾನೆಗಳಿಗೆ ಬೇಕಾದ ಎಚ್ಚರಿಕೆಯ ಚಿತ್ರಗಳು, ವಸ್ತುಪ್ರದರ್ಶನದ ಪಟಗಳು, ಸುತ್ತಲಿನ ಹಳ್ಳಿಗಳವರ ಮದುವೆಯ ಫೋಟೋಗಳು, ಹಿರಿಯರ ಭಾವಚಿತ್ರಗಳು, ಇವೆಲ್ಲ ನಮ್ಮ ಕೆಲಸ. ಅಕ್ಕನ ಮಗನೊಬ್ಬ ನನಗೆ ಜೊತೆ. ಯಂತ್ರ ಒಂದೇ: 44 ಅಂಗುಲ ಅಗಲದ್ದು. ಎರಡು ಸಂಸಾರದ ಅನ್ನ ಆ ಒಂದು ಯಂತ್ರದ ಮೇಲಿತ್ತು.

ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಯಂತ್ರದ ಪ್ರಾಣ ಇರುವುದು ಹೆಡ್ ಎಂಬ ಭಾಗದಲ್ಲಿ. ಅದರ ಅಡಿಯಲ್ಲಿ ಒಂದೊಂದು ಬಣ್ಣಕ್ಕೂ ನೂರಾರು ರಂಧ್ರಗಳು. ಸೂಜಿಯ ಮೊನೆ ಅವುಗಳ ಮುಂದೆ ದೊಣ್ಣೆಯಂತೆ ದಪ್ಪ. ಹೆಡ್ಡು ಕಾಗದದ ಮೇಲೆ ಆಚೆಗೂ ಈಚೆಗೂ ಓಡಾಡುತ್ತ ಈ ರಂಧ್ರಗಳಿಂದ ಇಂಕಿನ ಹನಿಗಳನ್ನು ಚಿಮ್ಮುತ್ತದೆ. ಹನಿಯ ಅಳತೆ ಪಿಕೋಲೀಟರಿನಲ್ಲಿ. ಒಂದು ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಒಂದು ಪಿಕೋಲೀಟರ್ ಎಂದು ಹೆಸರು. ಹನಿಯೊಂದು ಅಂಥ ಮೂರೋ ನಾಲ್ಕೋ ಪಾಲಿನಷ್ಟು. ಹನಿಯನ್ನು ಚಿಮ್ಮಿಸುವುದಕ್ಕೆ ಎರಡು ಉಪಾಯಗಳುಂಟು. ಒಂದು, ವಿದ್ಯುತ್ತು ತಾಗಿದೊಡನೆ ಮಣಿಯುವ ಒಂದು ಬಗೆಯ ಹರಳಿನಿಂದ ಇಂಕನ್ನು ಹಿಂಡುವುದು. ಒತ್ತಿದರೆ ಹರಳಿನಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಅದನ್ನೇ ತಿರುವುಮುರುವಾಗಿ ಬಳಸಿಕೊಂಡದ್ದು ಈ ಉಪಾಯ. ಎಪ್ಸನ್ ಯಂತ್ರಗಳು ಈ ಜಾತಿಯವು. ಇನ್ನೊಂದು, ಇಂಕನ್ನು ಕ್ಷಣಮಾತ್ರ ಕಾಯಿಸಿ, ಅದರಲ್ಲೊಂದು ಗುಳ್ಳೆ ಎಬ್ಬಿಸಿ, ಆ ಗುಳ್ಳೆಯಿಂದ ಹನಿಯನ್ನು ತಳ್ಳಿಸುವುದು. ಕ್ಯಾನನ್, ಎಚ್‌ಪಿ ಯಂತ್ರಗಳಲ್ಲಿ ಕಾಣುವುದು ಈ ಬಗೆ. ಹರಳಿನ ಹೆಡ್ಡು ಬಹುಕಾಲ ಬಾಳುತ್ತದೆ, ಆದರೆ ಬದಲಾಯಿಸಲು ಮೆಕ್ಯಾನಿಕ್ಕೇ ಬರಬೇಕು, ಬೆಲೆಯೂ ಹೆಚ್ಚು. ಗುಳ್ಳೆಯ ಹೆಡ್ಡು ಸವೆಯುವ ವಸ್ತು. ಸವೆದಾಗ ಯಂತ್ರದ ಯಜಮಾನನೇ ತೆಗೆದು ಬೇರೆಯದನ್ನು ಹಾಕಿಕೊಳ್ಳಬಹುದು.

ಇನ್ನು ಕಥೆಗೆ ಬರೋಣ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದ್ದು ನಿಮಗೆ ನೆನಪಿದೆ. ನಾವೂ ಮಳಿಗೆಗೆ ಬೀಗ ಹಾಕಿದೆವು. ಸುಮ್ಮನೆ ಕರೆಂಟು ಖರ್ಚಾಗದಿರಲೆಂದು ಯಂತ್ರವನ್ನು ಆರಿಸಿ, ಮೇಲೊಂದು ಹಳೆಯ ದುಪ್ಪಟಿ ಹೊದಿಸಿ ಬಂದೆ. ಯಂತ್ರಕ್ಕೆ ವಿಶ್ರಾಂತಿ ಸಿಕ್ಕಿತೆಂದು ಮನಸ್ಸಿನಲ್ಲಿ ಸಮಾಧಾನ ಬೇರೆ! ಮೇ ತಿಂಗಳಲ್ಲಿ ಬಾಗಿಲು ತೆರೆದು ಗುಂಡಿ ಒತ್ತಿದೆ. ಯಂತ್ರ ಎಚ್ಚೆತ್ತಿತು, ಗುಡುಗಿತು, ಕಾಗದವನ್ನು ಎಳೆದುಕೊಂಡಿತು. ಹೊರಬಂದ ಚಿತ್ರದಲ್ಲಿ ಅಡ್ಡಡ್ಡಲಾಗಿ ಬಿಳಿಯ ಗೆರೆಗಳು. ಹಳದಿ ಬಣ್ಣ ಅರ್ಧಕ್ಕರ್ಧ ಇರಲೇ ಇಲ್ಲ.

ಅದೇ ವಾರ ಹತ್ತಿರದ ಹಳ್ಳಿಯಿಂದ ಒಬ್ಬ ತಾಯಿ ಬಂದರು. ಸೆರಗಿನ ಗಂಟಿನಲ್ಲಿ ಯಜಮಾನರದೊಂದು ಪುಟ್ಟ ಫೋಟೋ. ಅವರು ತೀರಿಕೊಂಡಿದ್ದರು, ಹನ್ನೊಂದನೆಯ ದಿನಕ್ಕೆ ಪಟ ಬೇಕು. ಗೆರೆ ಬಾರದಂತೆ ನಿಧಾನವಾಗಿ ಓಡಿಸಿ ನೋಡಿದೆವು. ಆದರೂ ಹಣೆಯ ಮೇಲೊಂದು, ಗದ್ದದ ಮೇಲೊಂದು ಬಿಳಿ ಗೆರೆ ಬಂದೇ ಬಂತು. ಆ ತಾಯಿ ನೋಡಿ, "ಪರವಾಗಿಲ್ಲ ಸ್ವಾಮಿ, ಮುಖ ಕಾಣ್ತದಲ್ಲ, ಅಷ್ಟು ಸಾಕು" ಎಂದರು. ಅದನ್ನು ಕೊಡಲು ನನಗೆ ಕೈ ಬರಲಿಲ್ಲ. ಹುಡುಗ ಅಂದೇ ಬೆಂಗಳೂರಿಗೆ ಹೋಗಿ ಪರಿಚಯದವರ ಯಂತ್ರದಲ್ಲಿ ಮುದ್ರಿಸಿ ತಂದ. ಆ ದಿನದ ಮಟ್ಟಿಗೆ ಮಾನ ಉಳಿಯಿತು. ಆದರೆ ಬಂದ ಕೆಲಸವನ್ನೆಲ್ಲ ಪರರ ಯಂತ್ರಕ್ಕೆ ಹೊತ್ತುಕೊಂಡು ಹೋದರೆ ಮಳಿಗೆಯ ಬಾಡಿಗೆ ಕಟ್ಟುವುದು ಹೇಗೆ?

ಸರ್ವಿಸಿನವರೊಬ್ಬರು ಬಂದು ನೋಡಿ, "ಹೆಡ್ಡು ಹೋಗಿದೆ. ಅದನ್ನು ಹಾಕಿಸುವ ಬದಲು ಹೊಸ ಯಂತ್ರವನ್ನೇ ತೆಗೆದುಕೊಳ್ಳುವುದು ಲೇಸು" ಎಂದು ಹೇಳಿ ಹೋದರು. ಲೆಕ್ಕಕ್ಕೆ ಅನುಕೂಲವಾಗಲೆಂದು ಹೊಸ ಯಂತ್ರದ ಬೆಲೆ ನೂರು ರೂಪಾಯಿ ಎಂದು ಇಟ್ಟುಕೊಳ್ಳಿ. ಹೆಡ್ಡಿಗೆ ಅವರು ಹೇಳಿದ್ದು ಐವತ್ತೈದು. ಆ ರಾತ್ರಿ ಮನೆಯಲ್ಲಿ ಒಡವೆ ಒತ್ತೆ ಇಡುವ ಮಾತು ಬಂತು. ನನ್ನ ಹೆಂಡತಿ ಒಡವೆಯ ವಿಷಯ ಎತ್ತಲಿಲ್ಲ. ಲೆಕ್ಕದ ಪುಸ್ತಕ ತಂದು ಮುಂದಿಟ್ಟು, "ಅದು ಇರಲಿ, ಅಂದ್ರೆ ಇನ್ನು ತಿಂಗಳಿಗೆ ಎಷ್ಟು ಕೆಲಸ ಬರತ್ತೆ? ಅದನ್ನು ಮೊದಲು ಹೇಳಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಮದುವೆಗಳು ನಿಂತಿದ್ದವು, ವಸ್ತುಪ್ರದರ್ಶನಗಳಂತೂ ಇಲ್ಲವೇ ಇಲ್ಲ. ಕೆಲಸವೇ ಕಾಣದ ಕಾಲದಲ್ಲಿ ಸಾಲದ ಯಂತ್ರ ತಂದು ನಿಲ್ಲಿಸಿದರೆ ಕಂತು ತಾನೇ ತಾನಾಗಿ ತೀರುವುದೆ?

ಆಗ ಬೆಂಗಳೂರಿನ ಎಸ್. ಪಿ. ರಸ್ತೆಯ ಕಡೆಯಿಂದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಯಂತ್ರವನ್ನು ಬಿಚ್ಚಲೇ ಇಲ್ಲ. ಮೊದಲು ಪರೀಕ್ಷೆಯ ಗೆರೆಗಳನ್ನು ಮೂರು ಸಲ ಮುದ್ರಿಸಿದರು. ಮೂರು ಹಾಳೆಗಳನ್ನೂ ಪಕ್ಕಪಕ್ಕದಲ್ಲಿ ಹಾಸಿ, "ನೋಡಿ ಸಾರ್, ಒಂದೇ ಜಾಗದಲ್ಲಿ ಗೆರೆ ಇಲ್ಲದಿದ್ದರೆ ರಂಧ್ರ ಕಟ್ಟಿದೆ, ಇಲ್ಲವೇ ಸತ್ತಿದೆ ಅಂತ. ಸಲಕ್ಕೊಂದು ಜಾಗದಲ್ಲಿ ತಪ್ಪಿದರೆ ತಪ್ಪು ರಂಧ್ರದ್ದಲ್ಲ, ಇಂಕು ಬರುವ ದಾರಿಯಲ್ಲಿ ಗಾಳಿ ಸೇರಿದೆ" ಎಂದರು. ನಮ್ಮ ಹಾಳೆಗಳಲ್ಲಿ ನಾಲ್ಕಾರು ಗೆರೆಗಳು ಮಾತ್ರ ಮೂರರಲ್ಲೂ ಅದೇ ಜಾಗದಲ್ಲಿ ಇರಲಿಲ್ಲ. ಮಿಕ್ಕವೆಲ್ಲ ಜಾಗ ಬದಲಾಯಿಸುತ್ತಿದ್ದವು. ಕೇಳುಗರೇ, ಇಷ್ಟನ್ನು ಮಾತ್ರ ನೀವು ಮರೆಯಬೇಡಿ. ನಿಮ್ಮ ಮನೆಯ ಚಿಕ್ಕ ಪ್ರಿಂಟರಿಗೂ ಈ ಪರೀಕ್ಷೆ ಸಲ್ಲುತ್ತದೆ. ಖರ್ಚು ಮೂರು ಹಾಳೆ.

ತಪ್ಪು ಎಲ್ಲಿತ್ತೆಂದರೆ, ಹೆಡ್ಡು ಕೆಲಸವಿಲ್ಲದಾಗ ಹೋಗಿ ಕೂರುವ ಗೂಡಿನಲ್ಲಿ. ಆ ಗೂಡಿನಲ್ಲಿ ರಬ್ಬರಿನ ಅಂಚಿನ ಒಂದು ಕ್ಯಾಪು ಇರುತ್ತದೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟುತ್ತೀರಲ್ಲ, ಹಾಗೆ ಅದು ಹೆಡ್ಡಿನ ಅಡಿಯನ್ನು ಬಿಗಿಯಾಗಿ ಮುಚ್ಚಿ, ಇಂಕು ಒಣಗದಂತೆ ಕಾಯಬೇಕು. ಕ್ಯಾಪಿನ ಕೆಳಗೊಂದು ಪುಟ್ಟ ಪಂಪು. ಶುದ್ಧೀಕರಣ ನಡೆದಾಗ ರಂಧ್ರಗಳಿಂದ ಇಂಕನ್ನು ಎಳೆಯುವುದು ಅದರ ಕೆಲಸ. ಪಕ್ಕದಲ್ಲಿ ಹೆಡ್ಡಿನ ಅಡಿಯನ್ನು ಒರಸುವ ವೈಪರೆಂಬ ರಬ್ಬರಿನ ಪಟ್ಟಿ. ಮೆಕ್ಯಾನಿಕ್ಕು ಕ್ಯಾಪಿನೊಳಗೆ ಶುದ್ಧೀಕರಣದ ದ್ರವ ತುಂಬಿ ಪಂಪು ಓಡಿಸಿದರು. ದ್ರವ ನಿಂತಲ್ಲೇ ನಿಂತಿತ್ತು. ಪಂಪಿನ ನಳಿಕೆಯೊಳಗೆ ಇಂಕು ಗಾರೆಯಂತೆ ಗಟ್ಟಿಯಾಗಿತ್ತು, ಕ್ಯಾಪಿನ ಅಂಚಿನಲ್ಲಿ ಲಾರಿಯ ಧೂಳೂ ಇಂಕೂ ಸೇರಿ ಹೆಪ್ಪುಗಟ್ಟಿತ್ತು. ಎರಡು ತಿಂಗಳು ಮುಚ್ಚಳವೇ ಸರಿಯಿಲ್ಲದ ಜಾಡಿಯಲ್ಲಿ ಹೆಡ್ಡು ಕಾದು ಕುಳಿತಿತ್ತು. ಯಂತ್ರಕ್ಕೆ ನಾನು ಕೊಟ್ಟ ವಿಶ್ರಾಂತಿಯೇ ಅದಕ್ಕೆ ಮುಳುವಾಗಿತ್ತು.

ಇದೇ ನಾನು ಇಂದು ಹೇಳಬೇಕೆಂದಿರುವ ಮಾತು. ಈ ಜಾತಿಯ ಯಂತ್ರ ದುಡಿದು ಸಾಯುವುದಕ್ಕಿಂತ ಹೆಚ್ಚಾಗಿ ಕುಳಿತು ಸಾಯುತ್ತದೆ. ಆದುದರಿಂದ ರಿಪೇರಿಯೋ ಹೊಸದೋ ಎಂಬ ಪ್ರಶ್ನೆಗೆ ಉತ್ತರ ಯಂತ್ರದ ವಯಸ್ಸಿನಲ್ಲಷ್ಟೇ ಇಲ್ಲ; ಅದಕ್ಕೆ ಮುಂದೆ ಸಿಗುವ ಕೆಲಸದಲ್ಲಿದೆ.

ಕ್ಯಾಪು, ಪಂಪು, ವೈಪರು, ಇಂಕಿನ ದಾರಿಯಲ್ಲಿ ಸೋಸಣಿಯಂತಿರುವ ಡ್ಯಾಂಪರುಗಳು, ಇವನ್ನೆಲ್ಲ ಬದಲಾಯಿಸಿದ್ದಕ್ಕೆ ನೂರರಲ್ಲಿ ಎಂಟು ರೂಪಾಯಿ ಖರ್ಚಾಯಿತು. ಕಟ್ಟಿದ್ದ ರಂಧ್ರಗಳು ಎರಡು ದಿನದಲ್ಲಿ ಬಹುಮಟ್ಟಿಗೆ ಬಿಟ್ಟುಕೊಂಡವು. ಮೂರು ನಾಲ್ಕು ಸತ್ತವು ಸತ್ತೇ ಉಳಿದವು. ಚಿತ್ರದಲ್ಲಿ ಅವುಗಳ ಕೊರತೆ ಕಣ್ಣಿಗೆ ಕಾಣಲಿಲ್ಲ. ಪರೀಕ್ಷೆಗೆಂದು ಆ ತಾಯಿಯ ಯಜಮಾನರ ಚಿತ್ರವನ್ನೇ ತೆಗೆದುಕೊಂಡೆವು. ಮನುಷ್ಯನ ಚರ್ಮದ ಬಣ್ಣಕ್ಕೂ ಬಿಳಿಯ ಪಂಚೆಗೂ ಮಿಗಿಲಾದ ಪರೀಕ್ಷೆ ನಮ್ಮ ಕಸುಬಿನಲ್ಲಿಲ್ಲ. ಬೆಂಗಳೂರಿನಿಂದ ತಂದದ್ದಕ್ಕಿಂತ ಚೆನ್ನಾಗಿ ಬಂತು. ಅದನ್ನು ಅವರಿಗೇ ಕಳಿಸಿಕೊಟ್ಟೆವು. ಎರಡನೆಯ ಮಗನ ಮನೆಯಲ್ಲಿ ಇಟ್ಟುಕೊಂಡರಂತೆ.

ಹಾಗಾದರೆ ಯಾವಾಗಲೂ ರಿಪೇರಿಯೇ ಸರಿಯೆ? ಅದೂ ಅಲ್ಲ. 2023ರ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದ ಒಂದು ಸಂಜೆ ಅದೇ ಯಂತ್ರದ ಮುಖ್ಯ ಬೋರ್ಡು ಸುಟ್ಟಿತು. ಅದೇ ಮೆಕ್ಯಾನಿಕ್ಕು ಬಂದರು. ಆ ಮಾದರಿಯ ತಯಾರಿಕೆ ನಿಂತುಹೋಗಿತ್ತು; ಹೊಸ ಬೋರ್ಡು ಸಿಗದು. ಗುಜರಿಗೆ ಬಿದ್ದ ಬೇರೆ ಯಂತ್ರದ ಬೋರ್ಡು ಹಾಕಬಹುದಿತ್ತು. "ಹಾಕಿ ಕೊಡುತ್ತೇನೆ ಸಾರ್, ಆದರೆ ಹೆಡ್ಡಿನಲ್ಲಿ ಶಾರ್ಟು ಇದ್ದರೆ ಈ ಬೋರ್ಡನ್ನೂ ಸುಡುತ್ತದೆ. ನಾನು ಜವಾಬು ಕೊಡಲಾರೆ" ಎಂದು ಅವರೇ ಹೇಳಿದರು. ರಿಪೇರಿ ಬೇಡವೆನ್ನುವ ರಿಪೇರಿಯವನ ಮಾತನ್ನು ನಂಬಬೇಕು. ಅಷ್ಟರಲ್ಲಿ ಮದುವೆಗಳೂ ಪ್ರದರ್ಶನಗಳೂ ಮತ್ತೆ ಆರಂಭವಾಗಿದ್ದವು. ಲೆಕ್ಕದ ಪುಸ್ತಕ ಈ ಸಲ ಹೊಸದಕ್ಕೆ ಒಪ್ಪಿತು.

ಆದುದರಿಂದ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳತಕ್ಕದ್ದು. ಕೆಟ್ಟಿರುವುದು ಯಾವ ಅಂಗ? ಸವೆಯುವುದಕ್ಕೆಂದೇ ಇರುವ ರಬ್ಬರು, ಪಂಪು, ಸೋಸಣಿಗಳಾದರೆ ಯೋಚಿಸದೆ ರಿಪೇರಿ ಮಾಡಿಸಿ. ಹೆಡ್ಡು, ಬೋರ್ಡುಗಳಾದರೆ ಎರಡನೆಯ ಪ್ರಶ್ನೆ: ಆ ಅಂಗ ಹೊಸದಾಗಿ ಸಿಗುತ್ತದೆಯೇ, ಇನ್ನೂ ಕೆಲವು ವರ್ಷ ಸಿಗುತ್ತಿರುತ್ತದೆಯೇ? ಸಿಗುವಂತಿದ್ದರೆ ಮೂರನೆಯದು: ಈ ಯಂತ್ರಕ್ಕೆ ವಾರಕ್ಕೆ ನಾಲ್ಕು ದಿನವಾದರೂ ಕೆಲಸವಿದೆಯೇ? ಇಲ್ಲವೆಂದರೆ ಹಳೆಯದೂ ಬೇಡ, ಹೊಸದೂ ಬೇಡ. ಬೇರೆಯವರಲ್ಲಿ ಮುದ್ರಿಸಿಕೊಳ್ಳುವುದೇ ಲಾಭ.

ಹೊಸದನ್ನು ಕೊಳ್ಳುವವರು ಬೆಲೆಪಟ್ಟಿಯಲ್ಲಿ ಕಾಣದ ಖರ್ಚನ್ನೂ ಲೆಕ್ಕ ಹಾಕಬೇಕು. ಯಂತ್ರದ ಜೊತೆಗೆ ಬರುವ ಇಂಕಿನಲ್ಲಿ ಒಂದು ಪಾಲು ಅದರ ಖಾಲಿ ನಳಿಕೆಗಳನ್ನು ತುಂಬುವುದಕ್ಕೇ ಹೋಗುತ್ತದೆ. ಹಳೆಯ ಯಂತ್ರಕ್ಕೆಂದು ತಂದಿಟ್ಟ ಇಂಕು ಹೊಸದಕ್ಕೆ ಹೊಂದದಿರಬಹುದು. ನೀವು ಬಳಸುವ ಒಂದೊಂದು ಕಾಗದಕ್ಕೂ ಬಣ್ಣ ಹೊಂದಿಸುವ ಕೆಲಸ ಮತ್ತೆ ಮೊದಲಿನಿಂದ. ಹೆಡ್ಡನ್ನು ನಾವೇ ಬದಲಾಯಿಸಬಹುದೆ, ಕ್ಯಾಪು ಎಲ್ಲಿ ಸಿಗುತ್ತದೆ, ಕರೆದರೆ ಬರುವವರು ಎಷ್ಟು ದೂರದಲ್ಲಿದ್ದಾರೆ ಎಂದು ಅಂಗಡಿಯಲ್ಲಿ ನಿಂತೇ ಕೇಳಿ.

ದುಬಾರಿ ಯಂತ್ರವನ್ನು ಬಿಚ್ಚುವುದೆಂದರೆ ನಮಗೆಲ್ಲ ಎದೆ ಡವಗುಟ್ಟುತ್ತದೆ. ಆದರೆ ಫೋಟೋ ಮುದ್ರಿಸುವ ದೊಡ್ಡ ಪ್ರಿಂಟರಿನ ಚರಿತ್ರೆಯಲ್ಲೇ ಒಂದು ಗರಗಸದ ಕಥೆಯಿದೆ. ಗ್ರಹಾಂ ನ್ಯಾಶ್ ಎಂಬ ಹಾಡುಗಾರ ಫೋಟೋಗಳ ಹುಚ್ಚಿನವನು. ಅವನೂ ಅವನ ಗೆಳೆಯ ಮ್ಯಾಕ್ ಹೋಲ್ಬರ್ಟನೂ 1,26,000 ಡಾಲರಿನ ಐರಿಸ್ ಎಂಬ ಯಂತ್ರವನ್ನು ಇಟ್ಟುಕೊಂಡಿದ್ದರು. ಅದು ಅಚ್ಚುಕೂಟಗಳಲ್ಲಿ ಕರಡು ನೋಡುವುದಕ್ಕೆಂದು ಮಾಡಿದ್ದು. ದಪ್ಪ ಕಾಗದ ಅದರೊಳಗೆ ಹಿಡಿಸುತ್ತಿರಲಿಲ್ಲ. ಗೆಳೆಯರು ಹೆಡ್ಡುಗಳ ಭಾಗವನ್ನು ಒಂದಿಷ್ಟು ಗರಗಸದಿಂದ ಕೊಯ್ದು ಹಿಂದಕ್ಕೆ ಸರಿಸಿದರು. ಗ್ಯಾರಂಟಿ ಆ ಕ್ಷಣವೇ ಹೋಯಿತು. ಆದರೆ 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರು ತೆರೆದ ಮುದ್ರಣಶಾಲೆ ಜಗತ್ತಿಗೆ ದಾರಿ ತೋರಿಸಿತು. ಆ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿದೆ. ನೀವೂ ಗರಗಸ ಹಿಡಿಯಿರೆಂದು ನಾನು ಹೇಳುತ್ತಿಲ್ಲ! ಯಂತ್ರ ಮನುಷ್ಯ ಮಾಡಿದ್ದು, ಮನುಷ್ಯನಿಗೆ ಅರ್ಥವಾಗುವಂಥದ್ದು, ಇಷ್ಟನ್ನು ನೆನಪಿಡಿ. ನಮ್ಮ ದೇಶದಲ್ಲೂ ಕೊಂಡವನಿಗೆ ರಿಪೇರಿಯ ವಿವರಗಳೂ ಬಿಡಿಭಾಗಗಳೂ ಸಿಗಬೇಕೆಂಬ ವಿಚಾರಕ್ಕೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಒಂದು ಸಮಿತಿಯನ್ನು ನೇಮಿಸಿತು.

ಇನ್ನು ದಿನನಿತ್ಯದ ಆರೈಕೆ. ಕೆಲಸವಿರಲಿ ಇಲ್ಲದಿರಲಿ, ವಾರಕ್ಕೆ ಎರಡು ಸಲವಾದರೂ ಎಲ್ಲ ಬಣ್ಣಗಳೂ ಇರುವ ಒಂದು ಚಿಕ್ಕ ಚಿತ್ರವನ್ನು ಮುದ್ರಿಸಿ. ಆರಿಸುವಾಗ ಯಂತ್ರದ ಗುಂಡಿಯನ್ನೇ ಒತ್ತಿ, ಹೆಡ್ಡು ಗೂಡು ಸೇರಿದ ಮೇಲೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿ. ಮೊದಲೇ ಗೋಡೆಯ ಸ್ವಿಚ್ಚು ಆರಿಸಿದರೆ ಹೆಡ್ಡು ನಡುದಾರಿಯಲ್ಲಿ ಬಾಯಿ ತೆರೆದು ನಿಂತೀತು. ಕರೆಂಟಿನ ಏರಿಳಿತದಿಂದ ಕಾಯುವ ಸಾಧನವೊಂದು ಇರಲಿ. ಗೆರೆ ಬಂದಿತೆಂದು ಶುದ್ಧೀಕರಣದ ಗುಂಡಿಯನ್ನು ಮೇಲಿಂದ ಮೇಲೆ ಒತ್ತಬೇಡಿ. ಒಂದೊಂದು ಸಲವೂ ದುಬಾರಿ ಇಂಕು ತ್ಯಾಜ್ಯದ ಡಬ್ಬಿಗೆ ಹರಿಯುತ್ತದೆ. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡಿ. ನಮ್ಮ ಬಯಲುಸೀಮೆಯ ಮಾರ್ಚ್ ಏಪ್ರಿಲ್ ಗಾಳಿ ಬಲು ಒಣ. ಕೋಣೆಯ ತೇವ ನೂರಕ್ಕೆ 40ರಿಂದ 60ರೊಳಗೆ ಇದ್ದರೆ ಇಂಕಿಗೂ ಕಾಗದಕ್ಕೂ ಒಳ್ಳೆಯದು. ನಾವು ಮೂಲೆಯಲ್ಲಿ ಒಂದು ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟಿದ್ದೇವೆ. ಬಾಗಿಲಿಗೆ ದಪ್ಪ ಪರದೆ ಹಾಕಿದ್ದೇವೆ, ಲಾರಿಗಳ ಧೂಳಿಗೆ.

ಕಡೆಗೆ, ಸತ್ತ ಯಂತ್ರದ ಸಂಸ್ಕಾರ. ಅದನ್ನು ತೂಕದ ಮೇಲೆ ಬೀದಿಯ ಗುಜರಿಗೆ ಹಾಕಿಬಿಡುವುದು ಸುಲಭ. ಆದರೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರುಗಳೂ ಅವುಗಳ ಇಂಕಿನ ಪೆಟ್ಟಿಗೆಗಳೂ ಸೇರಿವೆ. ಅವು ನೋಂದಾಯಿತ ಸಂಸ್ಕರಣ ಘಟಕಗಳಿಗೇ ಹೋಗಬೇಕು. ದೇಶದಲ್ಲಿ ಮೊದಮೊದಲು ಆರಂಭವಾದ ಅಂಥ ಅಧಿಕೃತ ಘಟಕಗಳಲ್ಲೊಂದು ನಮ್ಮದೇ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ 2005ರಲ್ಲಿ ಹುಟ್ಟಿತೆಂಬುದು ನಮಗೆ ಹೆಮ್ಮೆಯ ಸಂಗತಿ. ನಮ್ಮ ಹಳೆಯ ಯಂತ್ರವನ್ನು ಕಳಿಸುವ ಮುಂಚೆ ಅದರ ಕ್ಯಾಪನ್ನೂ ಪಂಪನ್ನೂ ಹುಡುಗ ಬಿಚ್ಚಿ, ಆ ಮೆಕ್ಯಾನಿಕ್ಕಿಗೆ ಕೊಟ್ಟ. ಅದೇ ಮಾದರಿಯ ಇನ್ನೊಂದು ಯಂತ್ರ ಮಾಲೂರಿನ ಕಡೆ ಯಾರದೋ ಸ್ಟುಡಿಯೋದಲ್ಲಿ ಕೆಟ್ಟು ನಿಂತಿತ್ತಂತೆ.

ಈಗ ಹೊಸ ಯಂತ್ರಕ್ಕೆ ಸೋಮವಾರವೂ ಗುರುವಾರವೂ ಕೆಲಸವಿಲ್ಲದಿದ್ದರೂ ಒಂದು ಚಿತ್ರ ಮುದ್ರಿಸುತ್ತೇವೆ. ನಮ್ಮ ಹುಡುಗ ಅದಕ್ಕೆ "ಯಂತ್ರಕ್ಕೆ ನೀರು ಕುಡಿಸುವುದು" ಎನ್ನುತ್ತಾನೆ. ನಿಮ್ಮ ಮನೆಯ ಮೂಲೆಯಲ್ಲಿರುವ ಚಿಕ್ಕ ಪ್ರಿಂಟರು ಕೊನೆಯ ಸಲ ಓಡಿದ್ದು ಯಾವತ್ತು? ನೆನಪಾಗದಿದ್ದರೆ ಈ ಭಾಷಣ ಮುಗಿದೊಡನೆ ಎದ್ದು ಒಂದು ಹಾಳೆ ಹಾಕಿ ನೋಡಿ.